ಜೊತೆಗೆ ಯಾರು?

ಹೆಣ್ಣುಮಗಳು ಊರು ಬಿಟ್ಟು ಹೊರಡುತ್ತಾಳೆ ಎಂದರೆ ನಮ್ಮ ಮನೆಗಳಲ್ಲಿ ಎಲ್ಲಿಗೆ, ಏಕೆ, ಎಷ್ಟು ದಿನಕ್ಕೆ ಎಂಬುದೆಲ್ಲ ಆಮೇಲಿನ ಮಾತು. ಮೊದಲು ಕೇಳುವುದು ಒಂದೇ: "ಜೊತೆಗೆ ಯಾರು?" ಅಜ್ಜಿ ಕೇಳುತ್ತಾರೆ, ಮಾವ ಕೇಳುತ್ತಾರೆ, ಎದುರುಮನೆಯವರೂ ಕಾಂಪೌಂಡಿನಾಚೆಯಿಂದ ಇಣುಕಿ ಕೇಳುತ್ತಾರೆ. "ಯಾರೂ ಇಲ್ಲ, ಒಬ್ಬಳೇ" ಅಂದರೆ ಸಾಕು, ಕುಡಿಯುತ್ತಿದ್ದ ಕಾಫಿ ಲೋಟ ಕೈಯಲ್ಲೇ ನಿಂತುಬಿಡುತ್ತದೆ.

ಮಲೆನಾಡಿನ ಸಣ್ಣ ಊರಿನಿಂದ ಓದುಗ ಸೋದರಿಯೊಬ್ಬರು ಈ ಸಲ ಬರೆದಿರುವುದೂ ಇದೇ ವಿಷಯ. ಅವರ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಕಚೇರಿಯ ಸಭೆಗೆಂದು ಮೊರಾಕೊ ದೇಶದ ಮರಾಕೇಶ್ ನಗರಕ್ಕೆ ಹೋಗಬೇಕಾಗಿದೆ. ಹೋಗುವಾಗ ಬರುವಾಗ ಸಹೋದ್ಯೋಗಿಗಳಿದ್ದಾರೆ, ಅದರ ಚಿಂತೆಯಿಲ್ಲ. ಆದರೆ ಸಭೆ ಮುಗಿದ ಮೇಲೆ ಮೂರು ದಿನ ಅಲ್ಲಿಯ ಸಮುದ್ರತೀರದ ಎಸ್ಸಾವಿರಾ ಎಂಬ ಊರನ್ನು ತಾನೊಬ್ಬಳೇ ನೋಡಿ ಬರುತ್ತೇನೆ ಅನ್ನುತ್ತಾಳಂತೆ. "ಬೇಡ ಅಂದರೆ ಮುಖ ಊದಿಸಿಕೊಳ್ತಾಳೆ, ಹೂಂ ಅಂದರೆ ನನಗೆ ನಿದ್ದೆ ಬರೋಲ್ಲ. ನಾನೇನು ಮಾಡಲಿ?" ಎಂದು ಆ ತಾಯಿ ಕೇಳಿದ್ದಾರೆ.

"ಬೇಡ" ಅನ್ನುವುದು ಬಹಳ ಸುಲಭ, ತಾಯಂದಿರೇ. ಆದರೆ ದುಡಿಯುವ ಮಗಳಿಗೆ "ಬೇಡ" ಅಂದರೆ ಅವಳು ಹೋಗುವುದು ನಿಲ್ಲುತ್ತದೆಂದು ಹೇಳಲಾಗದು. ನಮಗೆ ಹೇಳುವುದು ಮಾತ್ರ ಖಂಡಿತ ನಿಲ್ಲುತ್ತದೆ. ಪರಊರಿನಲ್ಲಿ ಏನಾದರೂ ಎಡವಟ್ಟಾದಾಗ "ಅಮ್ಮನಿಗೆ ಗೊತ್ತಾದರೆ ಬೈತಾಳೆ" ಎಂದು ಬಾಯಿ ಮುಚ್ಚಿಕೊಳ್ಳುವ ಹುಡುಗಿ ನಿಜಕ್ಕೂ ಒಬ್ಬಂಟಿ. ಬೈಗುಳದ ಭಯವಿಲ್ಲದೆ ಫೋನ್ ಮಾಡಬಲ್ಲವಳು ಎಷ್ಟು ದೂರದಲ್ಲಿದ್ದರೂ ಒಬ್ಬಂಟಿಯಲ್ಲ. ಆದುದರಿಂದ ನನ್ನ ಸಲಹೆ ಇಷ್ಟೇ: ನಿಮ್ಮ ಎದೆಯ ಭಯವನ್ನೆಲ್ಲ ಒಂದೊಂದು ಪ್ರಶ್ನೆಯಾಗಿ ಮಾಡಿಕೊಂಡು ಮಗಳ ಮುಂದೆ ಕುಳಿತುಕೊಳ್ಳಿ. ಮದುವೆ ಮನೆಗೆ ಸಾಮಾನಿನ ಪಟ್ಟಿ ಬರೆಯುವ ನಮಗೆ ಇದು ಕಷ್ಟದ ಕೆಲಸವಲ್ಲ. ಪ್ರಶ್ನೆಗೆ ಉತ್ತರ ಸಿಕ್ಕರೆ ಭಯ ಅರ್ಧ ಇಳಿಯುತ್ತದೆ. ಉತ್ತರ ಸಿಗದ ಕಡೆ ಯೋಜನೆ ಬದಲಿಸಬೇಕೆಂದು ಅವಳಿಗೇ ತಿಳಿಯುತ್ತದೆ.

ಮುಂದಿನ ಮಾತುಗಳನ್ನು ಹೊರಡುವವರಿಗೆಂದೇ ಬರೆದಿದ್ದೇನೆ. ಮಗಳಿಗೆ ಓದಿ ಹೇಳಿ. ನೀವೇ ಹೊರಡುವುದಾದರೆ, ಏಕಾಗಬಾರದು, ನಿಮಗೇ ಎಂದುಕೊಳ್ಳಿ.

ಊರು ಎಂಥದ್ದು?

ಎಸ್ಸಾವಿರಾ ಅಟ್ಲಾಂಟಿಕ್ ಸಾಗರದ ದಂಡೆಯ ಕೋಟೆ ಊರು. ಹಿಂದೆ ಇದಕ್ಕೆ ಮೊಗಡೋರ್ ಎಂದು ಹೆಸರಿತ್ತು. 18ನೆಯ ಶತಮಾನದಲ್ಲಿ ಸುಲ್ತಾನ ಸೀದಿ ಮೊಹಮ್ಮದ್ ಬೆನ್ ಅಬ್ದಲ್ಲಾ ವ್ಯಾಪಾರದ ಬಂದರಾಗಲೆಂದು ಇದನ್ನು ಕಟ್ಟಿಸಿದ. ನಕ್ಷೆ ಹಾಕಿದವನು ಥಿಯೊಡೋರ್ ಕೊರ್ನು ಎಂಬ ಫ್ರೆಂಚ್ ಎಂಜಿನಿಯರು. ಕೋಟೆಯೊಳಗಿನ ಹಳೆಯ ಪಟ್ಟಣಕ್ಕೆ ಅಲ್ಲಿ ಮದೀನಾ ಎನ್ನುತ್ತಾರೆ. 2001ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಿಳಿ ಗೋಡೆ, ನೀಲಿ ಬಾಗಿಲು, ಬಂದರಿನಲ್ಲಿ ಸಾಲಾಗಿ ನಿಂತ ನೀಲಿ ದೋಣಿಗಳು, ಕೋಟೆಯ ಮೇಲೆ ಸಮುದ್ರಕ್ಕೆ ಮುಖಮಾಡಿದ ಹಳೆಯ ಫಿರಂಗಿಗಳು – ನೋಡಲು ಕಣ್ಣಿಗೆ ಹಬ್ಬ.

ಒಬ್ಬರೇ ಹೋಗುವವರಿಗೆ ಇಲ್ಲಿ ಎರಡು ಅನುಕೂಲಗಳಿವೆ. ಮೊದಲನೆಯದು, ಬೀದಿಗಳು ಬಹುಮಟ್ಟಿಗೆ ನೇರವಾಗಿವೆ. ಫೆಜ್ ಅಥವಾ ಮರಾಕೇಶ್‌ನ ಹಳೆಯ ಪೇಟೆಗಳಂತೆ ಚಕ್ಕುಲಿ ಸುತ್ತಿದ ಹಾಗಿಲ್ಲ, ದಾರಿ ತಪ್ಪುವುದು ಕಡಿಮೆ. ಎರಡನೆಯದು, ಮದೀನಾದೊಳಗೆ ಕಾರುಗಳಿಗೆ ಪ್ರವೇಶವಿಲ್ಲ, ನಡೆದೇ ಎಲ್ಲವನ್ನೂ ನೋಡಬಹುದು. ಮರಾಕೇಶ್‌ಗೆ ಹೋಲಿಸಿದರೆ ಗಿಜಿಬಿಜಿಯೂ ಬೆನ್ನುಹತ್ತುವವರ ಕಾಟವೂ ಕಡಿಮೆ ಎಂದು ಹೋಗಿಬಂದವರು ಹೇಳುತ್ತಾರೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ, ಅದನ್ನು ಮುಂದೆ ನೋಡೋಣ.

ಹೊರಡುವ ಮುನ್ನ

ಭಾರತೀಯರಿಗೆ ಮೊರಾಕೊಗೆ ವೀಸಾ ಬೇಕು. ಕಚೇರಿಯವರು ಸಭೆಯ ದಿನಗಳಿಗಷ್ಟೇ ವೀಸಾ ಮಾಡಿಸಿರುತ್ತಾರೋ, ಮುಂದಿನ ಮೂರು ದಿನಗಳೂ ಅದರಲ್ಲಿ ಸೇರಿವೆಯೋ, ವಿಮೆಯೂ ಆ ದಿನಗಳಿಗೆ ಇದೆಯೋ ಎಂಬುದನ್ನು ಮೊದಲು ಕೇಳಿ. ಪಾಸ್‌ಪೋರ್ಟ್, ವೀಸಾ, ವಿಮೆ ಮೂರರ ನಕಲು ಪ್ರತಿಗಳು ಒಂದು ಜೊತೆ ಚೀಲದಲ್ಲಿ, ಒಂದು ಜೊತೆ ಮನೆಯ ಬೀರುವಿನಲ್ಲಿ, ಒಂದು ಫೋನಿನಲ್ಲಿ ಇರಲಿ. ದಿನವೂ ನುಂಗುವ ಮಾತ್ರೆಗಳಿದ್ದರೆ ವೈದ್ಯರ ಚೀಟಿಯೊಡನೆ ಅಂಗಡಿಯ ಪೊಟ್ಟಣದಲ್ಲೇ ಒಯ್ಯಿರಿ.

ಅಲ್ಲಿಯ ಹಣ ದಿರ್ಹಾಮ್. ಅದನ್ನು ಇಲ್ಲಿಂದಲೇ ಕೊಂಡೊಯ್ಯುವ ಗೋಜಿಗೆ ಹೋಗಬೇಡಿ. ಯೂರೋ ಅಥವಾ ಡಾಲರ್ ಒಯ್ದು ಅಲ್ಲಿಯ ಬ್ಯಾಂಕಿನಲ್ಲಿ ಬದಲಿಸಿಕೊಳ್ಳಿ, ಇಲ್ಲವೆ ಎ.ಟಿ.ಎಂ.ನಿಂದ ತೆಗೆಯಿರಿ. ಬದಲಿಸಿದ ಚೀಟಿಯನ್ನು ಬಿಸಾಡಬೇಡಿ. ಉಳಿದ ದಿರ್ಹಾಮನ್ನು ಹಿಂತಿರುಗಿಸುವಾಗ ಅದನ್ನು ಕೇಳುತ್ತಾರೆ. ಹಣ ಒಂದೇ ಕಡೆ ಬೇಡ. ದಿನದ ಖರ್ಚಿನದು ಕೈಚೀಲದಲ್ಲಿ, ಮಿಕ್ಕಿದ್ದು ಒಳಜೇಬಿನಲ್ಲಿ, ಇನ್ನೊಂದು ಕಾರ್ಡು ಪೆಟ್ಟಿಗೆಯ ಬಟ್ಟೆಗಳ ನಡುವೆ. ಸಾಸಿವೆ ಡಬ್ಬದಲ್ಲಿ ದುಡ್ಡು ಬಚ್ಚಿಟ್ಟು ಸಂಸಾರ ತೂಗಿಸಿದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ!

ಯಾವ ಕಾಲದಲ್ಲಿ ಹೋಗುತ್ತೀರಿ ಎಂಬುದೂ ಮುಖ್ಯ. ಎಸ್ಸಾವಿರಾದ ಗಾಳಿ ಹೆಸರುವಾಸಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಆರ್ಭಟ ಹೆಚ್ಚು. ಮರಾಕೇಶ್ ಕಾದ ಕಾವಲಿಯಾಗಿರುವಾಗಲೂ ಇಲ್ಲಿ ಸ್ವೆಟರ್ ಬೇಕಾಗುತ್ತದೆ. ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ ಗ್ನಾವಾ ಸಂಗೀತೋತ್ಸವ ನಡೆಯುತ್ತದೆ, 1998ರಲ್ಲಿ ಆರಂಭವಾದದ್ದು. ಸಂಗೀತ ಸೊಗಸು, ಆದರೆ ಆ ದಿನಗಳಲ್ಲಿ ಊರು ಜಾತ್ರೆಯಾಗುತ್ತದೆ, ಕೋಣೆ ಸಿಗುವುದು ಕಷ್ಟ. ಒಬ್ಬಳೇ ಮೊದಲ ಸಲ ಹೋಗುವವಳು ಆ ವಾರವನ್ನು ಬಿಡುವುದು ಒಳ್ಳೆಯದು. ರಂಜಾನ್ ತಿಂಗಳಾದರೆ ಹಗಲು ಎಷ್ಟೋ ಹೋಟೆಲುಗಳು ಮುಚ್ಚಿರುತ್ತವೆ. ಸೂರ್ಯಾಸ್ತದ ಹೊತ್ತಿಗೆ ಎಲ್ಲರೂ ಉಪವಾಸ ಬಿಡಲು ಮನೆ ಸೇರಿ ಬೀದಿ ಬಿಕೋ ಎನ್ನುತ್ತದೆ, ಟ್ಯಾಕ್ಸಿ ಸಿಗುವುದೂ ಕಷ್ಟ. ಆ ಗಳಿಗೆಯಲ್ಲಿ ಊರಿಗೆ ಬಂದಿಳಿಯುವಂತೆ ಟಿಕೇಟು ತೆಗೆಯಬೇಡಿ.

ಇಳಿದುಕೊಳ್ಳಲು ರಿಯಾದ್ ಎಂಬ ಹಳೆಯ ಮನೆಗಳಿವೆ. ನಡುವೆ ಅಂಗಳ, ಸುತ್ತ ಕೋಣೆಗಳು – ಥೇಟ್ ನಮ್ಮ ತೊಟ್ಟಿ ಮನೆಯೇ. ಹೊರಹೋಗುವವರು ಒಳಬರುವವರು ಮನೆಯವರ ಕಣ್ಣಿಗೆ ಬೀಳುವುದರಿಂದ ಒಂಟಿ ಹೆಂಗಸಿಗೆ ದೊಡ್ಡ ಹೋಟೆಲಿಗಿಂತ ಇದು ಹಿತ. ಆದರೆ ಗೊತ್ತುಮಾಡುವ ಮೊದಲು ಮೂರು ಪ್ರಶ್ನೆ ಬರೆದು ಕೇಳಿ: ಕೋಣೆಗೆ ಒಳಗಿನಿಂದ ಗಟ್ಟಿ ಚಿಲಕ ಇದೆಯೇ? ರಾತ್ರಿ ಬಾಗಿಲ ಬಳಿ ಯಾರಾದರೂ ಇರುತ್ತಾರೆಯೇ? ಬಸ್ಸಿಳಿಯುವ ಜಾಗಕ್ಕೆ ಕರೆದೊಯ್ಯಲು ಜನ ಬರುತ್ತಾರೆಯೇ? ಹಿಂದೆ ಅಲ್ಲಿ ಉಳಿದಿದ್ದ ಒಂಟಿ ಹೆಂಗಸರು ಏನು ಬರೆದಿದ್ದಾರೆಂದು ಹುಡುಕಿ ಓದಿ. ಹತ್ತು ಹೊಗಳಿಕೆಗಿಂತ ಒಂದು ದೂರು ಹೆಚ್ಚು ಕಲಿಸುತ್ತದೆ. ಸೇರಿದಾಗ ಪಾಸ್‌ಪೋರ್ಟಿನ ವಿವರ ಬರೆದುಕೊಳ್ಳುತ್ತಾರೆ, ಗಾಬರಿ ಬೇಡ, ಅದು ಅಲ್ಲಿಯ ನಿಯಮ.

ಬಂದಿಳಿದ ಮೊದಲ ಗಂಟೆ

ಪ್ರಯಾಣದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ನಡುರಾತ್ರಿಯಲ್ಲಿ ಎಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಬೇಕಾಗಿರುವುದು ಬಂದಿಳಿದ ಮೊದಲ ಗಂಟೆಯಲ್ಲಿ. ದಣಿದ ಮೈ, ಕೈಯಲ್ಲಿ ಪೆಟ್ಟಿಗೆ, ಗೊತ್ತಿಲ್ಲದ ದಾರಿ, ಮುಖದ ಮೇಲೆ ಪ್ರಶ್ನೆ. ಆ ಮುಖವನ್ನು ಓದಬಲ್ಲವರು ಎಲ್ಲ ಊರಿನ ಬಸ್ ನಿಲ್ದಾಣದಲ್ಲೂ ಇರುತ್ತಾರೆ, ನಮ್ಮಲ್ಲೂ ಇಲ್ಲವೇ? ಆದುದರಿಂದ ಆ ಒಂದು ಗಂಟೆಯಲ್ಲಿ ನಡೆಯಬೇಕಾದದ್ದನ್ನೆಲ್ಲ ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ.

ಮರಾಕೇಶ್‌ನಿಂದ ಎಸ್ಸಾವಿರಾಕ್ಕೆ ಸುಮಾರು 180 ಕಿ.ಮೀ. ರೈಲಿಲ್ಲ. ಸಿ.ಟಿ.ಎಂ. ಮತ್ತು ಸುಪ್ರಾತೂರ್ ಎಂಬ ಎರಡು ಕಂಪನಿಗಳ ಒಳ್ಳೆಯ ಬಸ್ಸುಗಳಿವೆ, ಮೂರು ಗಂಟೆಯ ದಾರಿ. ಸುಪ್ರಾತೂರ್ ರೈಲ್ವೆಯವರದೇ, ಅದರ ಬಸ್ಸು ಮರಾಕೇಶ್ ರೈಲು ನಿಲ್ದಾಣದ ಪಕ್ಕದಿಂದಲೇ ಹೊರಡುತ್ತದೆ. ಮುಂಚಿತವಾಗಿ ಸೀಟು ಕಾದಿರಿಸಿ, ಬೆಳಗಿನ ಬಸ್ಸನ್ನೇ ಹಿಡಿಯಿರಿ. ಹಗಲಿನಲ್ಲಿ, ಮಧ್ಯಾಹ್ನ ಮೂರರೊಳಗೆ ಊರು ಸೇರಬೇಕು ಎಂಬುದನ್ನು ಮುರಿಯಬಾರದ ನಿಯಮ ಮಾಡಿಕೊಳ್ಳಿ.

ಕೋಟೆಗೆ ಹಲವು ಬಾಗಿಲುಗಳಿವೆ – ಬಾಬ್ ಮರಾಕೇಶ್, ಬಾಬ್ ಸ್ಬಾ, ಬಾಬ್ ದುಕ್ಕಾಲಾ. ಬಾಬ್ ಎಂದರೆ ಬಾಗಿಲು, ನಮಗೆ ನೆನಪಿಡುವುದು ಸುಲಭ. ನಿಮ್ಮ ರಿಯಾದ್ ಯಾವ ಬಾಗಿಲಿಗೆ ಹತ್ತಿರ ಎಂದು ತಿಳಿದಿರಲಿ. ವಿಳಾಸವನ್ನು ಅರಬ್ಬಿ ಮತ್ತು ಫ್ರೆಂಚ್ ಎರಡರಲ್ಲೂ ಕಾಗದದ ಮೇಲೆ ಬರೆಸಿಟ್ಟುಕೊಳ್ಳಿ. ಫೋನು ಸತ್ತರೂ ಕಾಗದ ಸಾಯುವುದಿಲ್ಲ. ಬಾಗಿಲ ಬಳಿ ಕೈಗಾಡಿಯವರು ಇರುತ್ತಾರೆ. ಪೆಟ್ಟಿಗೆ ಭಾರವಿದ್ದರೆ ಮೊದಲು ಕೂಲಿ ಗೊತ್ತುಮಾಡಿ, ಆಮೇಲೆ ಪೆಟ್ಟಿಗೆ ಕೊಡಿ. ಪಾಸ್‌ಪೋರ್ಟ್ ಇರುವ ಕೈಚೀಲವನ್ನು ಮಾತ್ರ ಯಾವ ಗಾಡಿಗೂ ಹಾಕಬೇಡಿ.

"ಈ ದಾರಿ ಮುಚ್ಚಿದೆ, ನಿಮ್ಮ ಹೋಟೆಲು ಭರ್ತಿಯಾಗಿದೆ, ನಾನು ಬೇರೆ ತೋರಿಸುತ್ತೇನೆ" ಎಂದು ಯಾರಾದರೂ ಬಂದರೆ ನಂಬಬೇಡಿ. ದಾರಿ ಕೇಳಬೇಕೆನಿಸಿದರೆ ತಾನಾಗಿ ಬಂದವನನ್ನು ಬಿಟ್ಟು, ಅಂಗಡಿಯಲ್ಲಿ ಕುಳಿತವರನ್ನೋ ಮಕ್ಕಳ ಕೈಹಿಡಿದು ಹೋಗುವ ಹೆಂಗಸನ್ನೋ ನೀವೇ ಆರಿಸಿ ಕೇಳಿ. ಸಹಾಯವನ್ನು ನಾವು ಆರಿಸಿಕೊಳ್ಳಬೇಕು, ಅದು ನಮ್ಮನ್ನು ಆರಿಸಿಕೊಳ್ಳಬಾರದು.

ಬೀದಿಯಲ್ಲಿ

ಉಡುಪಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಆ ಗಾಳಿಯಲ್ಲಿ ಸೀರೆ ಉಟ್ಟರೆ ಸೆರಗು ಹಿಡಿಯುವುದರಲ್ಲೇ ದಿನ ಕಳೆದೀತು! ತುಂಬುತೋಳಿನ ಚೂಡಿದಾರ ಎಲ್ಲದಕ್ಕೂ ಸರಿ. ತಲೆಗೆ ಬಟ್ಟೆ ಕಡ್ಡಾಯವಲ್ಲ, ಆದರೆ ದುಪಟ್ಟಾ ಇದ್ದರೆ ಗಾಳಿಗೂ ಮರಳಿಗೂ ಆಗುತ್ತದೆ. ಬಂಗಾರ ಮನೆಯಲ್ಲಿರಲಿ.

ವ್ಯಾಪಾರಿಗಳು ನಮ್ಮವರ ಮುಖ ಕಂಡೊಡನೆ "ಇಂಡಿಯಾ! ಶಾರುಖ್ ಖಾನ್!" ಎಂದು ಕೂಗುವುದುಂಟು. ಹಿಂದಿ ಸಿನಿಮಾ ಎಂದರೆ ಅಲ್ಲಿಯ ಜನಕ್ಕೆ ಪ್ರಾಣ. ಬಹುಪಾಲು ಅದು ಪ್ರೀತಿಯೇ, ಅಂಗಡಿಗೆ ಎಳೆಯುವ ಉಪಾಯವೂ ಹೌದು. ನಕ್ಕು ಮುಂದೆ ನಡೆಯಿರಿ. ಪುದೀನ ಹಾಕಿದ ಸಿಹಿ ಚಹಾ ಕೊಟ್ಟರೆ ಬಾಗಿಲು ತೆರೆದ, ನಾಲ್ಕು ಜನ ಕಾಣುವ ಅಂಗಡಿಯಲ್ಲಿ ಕುಡಿಯಬಹುದು. ಕುಡಿದ ಮಾತ್ರಕ್ಕೆ ಕೊಳ್ಳಲೇಬೇಕೆಂಬ ಋಣವಿಲ್ಲ. "ಒಳಕೋಣೆಯಲ್ಲಿ ಇನ್ನೂ ಒಳ್ಳೆಯ ಮಾಲಿದೆ" ಅಂದರೆ "ಇಲ್ಲಿಗೇ ತನ್ನಿ" ಅನ್ನಿ.

"ಗಂಡ ಎಲ್ಲಿ? ಎಲ್ಲಿ ಇಳಿದಿದ್ದೀರಿ? ಒಬ್ಬರೇ ಬಂದಿರಾ?" ಈ ಮೂರು ಪ್ರಶ್ನೆ ಪದೇಪದೇ ಬರುತ್ತವೆ. ನಮ್ಮೂರಿನ ಬಸ್ಸಿನಲ್ಲಿ ಪಕ್ಕದವರು ಕೇಳುವಂತೆ ಬರಿಯ ಕುತೂಹಲವೂ ಇರಬಹುದು. ಆದರೂ "ಮನೆಯವರು ಹೋಟೆಲಿನಲ್ಲಿ ಕಾಯುತ್ತಿದ್ದಾರೆ" ಎಂದರೆ ಸಾಕು. ಅಪರಿಚಿತರಿಗೆ ಸತ್ಯದ ಲೆಕ್ಕ ಒಪ್ಪಿಸಬೇಕಾದ ಸಾಲವೇನೂ ನಮಗಿಲ್ಲ.

ಹಿಂದೆಯೇ ಬಂದು ಮಾತಿಗೆಳೆಯುವವರಿಗೆ ಒಮ್ಮೆ "ಲಾ, ಶುಕ್ರನ್" – ಬೇಡ, ವಂದನೆ – ಎಂದು ಹೇಳಿ ಕಣ್ಣು ತಪ್ಪಿಸಿ ನಡೆಯಿರಿ. ಎರಡನೆಯ ಮಾತು ಆಡಿದರೆ ಅದೇ ಹರಟೆಯಾಗುತ್ತದೆ. ಬಿಡದಿದ್ದರೆ ಹೆಂಗಸರಿರುವ ಅಂಗಡಿಗೆ ನುಗ್ಗಿ. ಮೈಮೇಲೆ ಬಂದರೆ ಗಟ್ಟಿಯಾಗಿ "ಹ್ಶೂಮಾ!" ಅನ್ನಿ. ನಮ್ಮ "ನಾಚಿಕೆ ಆಗೋಲ್ವಾ?" ಎಂಬುದೇ ಅದರ ಅರ್ಥ. ನಾಲ್ಕು ಜನರೆದುರು ಆ ಮಾತು ಬಿದ್ದರೆ ಸುತ್ತಲಿನವರೇ ತಿರುಗಿ ನೋಡುತ್ತಾರೆ. ಕಾನೂನೂ ನಮ್ಮ ಪಕ್ಕದಲ್ಲಿದೆ. ಹೆಂಗಸರ ಮೇಲಿನ ಹಿಂಸೆಯನ್ನು ತಡೆಯಲು ಮೊರಾಕೊ ತಂದ ಕಾನೂನು 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿದೆ, ಬೀದಿಯಲ್ಲಿ ಪೀಡಿಸುವುದೂ ಅದರಡಿ ಅಪರಾಧ. ಅಲ್ಲಿಯ ಹೆಂಗಸರು ವರ್ಷಗಟ್ಟಲೆ ಹೋರಾಡಿ ಪಡೆದದ್ದು ಅದು. ಹಾಗಾಗಿ "ನಾನೇ ಏನೋ ತಪ್ಪು ಮಾಡಿದೆನೇನೋ" ಎಂದು ಕುಗ್ಗಬೇಡಿ.

ಪಿಸುಮಾತಿನಲ್ಲಿ ಗಾಂಜಾದಂಥ ಅಮಲು ಪದಾರ್ಥ ಮಾರಲು ಬರುವವರೂ ಇದ್ದಾರೆ. ಅದನ್ನು ಬೆರೆಸಿದ ಸಿಹಿತಿಂಡಿಯೂ ಉಂಟು. ಬೀದಿಯಲ್ಲಿ ಅಪರಿಚಿತರು ಕೊಟ್ಟ ತಿಂಡಿ ಬೇಡವೇ ಬೇಡ. ಇನ್ನು ಮೆಹಂದಿ ಎಂದರೆ ಕೈ ಚಾಚುವ ನಾವು ಒಂದನ್ನು ನೆನಪಿಡಬೇಕು: ಕಡುಕಪ್ಪು ಮೆಹಂದಿಯಲ್ಲಿ ಕೂದಲಿಗೆ ಹಾಕುವ ಬಣ್ಣದ ರಾಸಾಯನಿಕ ಇರುತ್ತದೆ, ಚರ್ಮ ಬೊಬ್ಬೆ ಬಂದು ಸುಟ್ಟ ಗಾಯದಂತಾಗಬಹುದು.

ಕಡಲ ದಂಡೆ, ಸಂಜೆ

ಊರ ದಕ್ಷಿಣಕ್ಕೆ ಉದ್ದನೆಯ ಮರಳ ದಂಡೆ ಇದೆ. ಅದು ದಾಟಿದರೆ ಹೊಳೆ, ಆಚೆ ದಿಯಾಬಾತ್ ಎಂಬ ಹಳ್ಳಿ, ಮರಳ ದಿಬ್ಬಗಳು, ಪಾಳುಬಿದ್ದ ಹಳೆಯ ಕಟ್ಟಡ. ಬೆಳಗಿನ ಹೊತ್ತು ಜನರಿರುವಾಗ ಚೆನ್ನ. ಸಂಜೆ ಒಬ್ಬರೇ ಆ ಕಡೆ ನಡೆಯಬೇಡಿ. ಗಾಳಿಯ ಸದ್ದಿನಲ್ಲಿ ಕೂಗಿದರೂ ಕೇಳಿಸದು. ಕುದುರೆ, ಒಂಟೆ ಸವಾರಿಗೆ ಎಷ್ಟು ಹೊತ್ತು, ಎಷ್ಟು ದಿರ್ಹಾಮ್, ಎಲ್ಲಿಯವರೆಗೆ ಎಂಬುದನ್ನು ಏರುವ ಮೊದಲೇ ಗೊತ್ತುಮಾಡಿ. ಏರಿದ ಮೇಲೆ ಚೌಕಾಸಿ ನಡೆಯದು. ಅಟ್ಲಾಂಟಿಕ್ ನೀರು ತಣ್ಣಗೆ, ಸೆಳೆತವೂ ಉಂಟು, ಪಾದ ನೆನೆಸಿಕೊಂಡರೆ ಸಾಕು.

ಸಂಜೆಗೆ ಒಂದು ಸರಳ ಲೆಕ್ಕ ಇಟ್ಟುಕೊಳ್ಳಿ. ಬಂದರಿನ ಬಳಿಯ ಮೌಲೆ ಹಸನ್ ಚೌಕದಲ್ಲಿ, ಕೋಟೆಯ ಮೇಲೆ, ಊರಿನ ಸಂಸಾರಗಳು ಮಕ್ಕಳೊಡನೆ ಬಂದು ಕುಳಿತುಕೊಳ್ಳುತ್ತವೆ. ಅವರು ಕುಳಿತ ಕಡೆ ನೀವೂ ಕುಳಿತುಕೊಳ್ಳಿ. ಅಲ್ಲಿಯ ಹೆಂಗಸರು ಮಕ್ಕಳನ್ನು ಎಬ್ಬಿಸಿಕೊಂಡು ಹೊರಟಾಗ ನೀವೂ ಹೊರಡಿ. ಆ ಊರಿನ ಗಡಿಯಾರ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಊಟ, ಸ್ನಾನ, ಸಾಮಾನು

ಎಸ್ಸಾವಿರಾ ಮೀನಿನ ಊರು. ಸಸ್ಯಾಹಾರಿಗಳೂ ಉಪವಾಸ ಬೀಳಬೇಕಾಗಿಲ್ಲ. ಒಣಗಿದ ಅವರೆಯ ಜಾತಿಯ ಕಾಳನ್ನು ಬೇಯಿಸಿ ಅರೆದ ಬಿಸ್ಸಾರಾ ಎಂಬ ಗಟ್ಟಿ ಸಾರು, ಬದನೆ ಟೊಮೇಟೊ ಬೇಯಿಸಿ ಮಸೆದ ಜಾಲೂಕ್ – ನಮ್ಮ ಬದನೆ ಗೊಜ್ಜಿನ ಅಕ್ಕನಂತಿದೆ – ಪದರ ಪದರವಾದ ಮ್ಸೆಮ್ಮೆನ್ ರೊಟ್ಟಿ, ಬಾದಾಮಿ ಜೇನು ಆರ್ಗನ್ ಎಣ್ಣೆ ಸೇರಿಸಿ ಅರೆದ ಅಮ್ಲೂ ಇವೆ. ತರಕಾರಿ ತಾಜೀನ್ ಎಂದು ಕೊಟ್ಟದ್ದರಲ್ಲೂ ಮಾಂಸದ ರಸ ಇರಬಹುದು. "ಬ್ಲಾ ಲ್‌ಹಮ್" – ಮಾಂಸವಿಲ್ಲದೆ – ಎಂದು ಹೇಳಿ, ರಸವನ್ನೂ ಕೇಳಿ ನೋಡಿ. ಗಂಡಸರೇ ತುಂಬಿದ ಕಾಫಿ ಅಂಗಡಿಗಿಂತ ಸಿಹಿತಿಂಡಿಯ ಅಂಗಡಿ, ಮಹಡಿಯ ಹೋಟೆಲು ನೆಮ್ಮದಿ.

ಹಮ್ಮಾಮ್ ಎಂಬ ಬಿಸಿನೀರ ಸ್ನಾನಗೃಹಗಳಲ್ಲಿ ಹೆಂಗಸರಿಗೆ ಬೇರೆಯೇ ವೇಳೆ ಅಥವಾ ಬೇರೆಯೇ ಭಾಗ ಇರುತ್ತದೆ, ಮೈ ತಿಕ್ಕುವವರೂ ಹೆಂಗಸರೇ. ಅಭ್ಯಂಜನದ ಸುಖ ಬಲ್ಲ ನಮಗೆ ಇದು ಒಗ್ಗೀತು. ಹಣ, ಫೋನು ರಿಯಾದಿನಲ್ಲೇ ಬಿಟ್ಟು ಹೋಗಿ.

ಕೊಳ್ಳುವುದಾದರೆ ಥುಯಾ ಮರದ ಕೆತ್ತನೆಯ ಡಬ್ಬಿ, ಇಲ್ಲವೇ ಆರ್ಗನ್ ಎಣ್ಣೆ. ಗಟ್ಟಿ ಬೀಜವನ್ನು ಕಲ್ಲಿನಿಂದ ಒಡೆದು ಎಣ್ಣೆ ತೆಗೆಯುವುದು ಅಲ್ಲಿಯ ಹಳ್ಳಿ ಹೆಂಗಸರ ಕಸುಬು. ಎಷ್ಟೋ ಕಡೆ ಅವರದೇ ಸಹಕಾರ ಸಂಘಗಳಿವೆ. ಅಂಥ ಸಂಘಕ್ಕೆ ಹೋಗಿ ಕೂತು, ಅವರ ಕೈ ನೋಡಿ, ಅವರಿಂದಲೇ ಕೊಂಡರೆ ಎಣ್ಣೆಯೂ ಒಳ್ಳೆಯದು, ಹಣವೂ ಸೇರಬೇಕಾದಲ್ಲಿ ಸೇರುತ್ತದೆ.

ಮನೆಯಲ್ಲಿ ಉಳಿದವರಿಗೆ

ಈಗ ತಾಯಂದಿರೇ, ನಿಮ್ಮ ಪಾಲಿನ ಕೆಲಸ. ನಮ್ಮ ಗಡಿಯಾರ ಅಲ್ಲಿಗಿಂತ ನಾಲ್ಕೂವರೆ ಗಂಟೆ ಮುಂದಿದೆ, ರಂಜಾನ್ ತಿಂಗಳಲ್ಲಿ ಐದೂವರೆ. ಅಲ್ಲಿ ಸಂಜೆ ಆರಾದಾಗ ನಮಗೆ ರಾತ್ರಿ ಹತ್ತೂವರೆ. ಆದುದರಿಂದ ದಿನಕ್ಕೆ ಎರಡು ಸುದ್ದಿ ಎಂದು ಒಪ್ಪಂದ ಮಾಡಿಕೊಳ್ಳಿ: ಅವಳು ಬೆಳಿಗ್ಗೆ ಹೊರಡುವಾಗ ಒಂದು, ಸಂಜೆ ಕೋಣೆ ಸೇರಿದಾಗ ಒಂದು. ನಡುವೆ ಅರ್ಧ ಗಂಟೆಗೊಮ್ಮೆ ಫೋನ್ ಮಾಡಬೇಡಿ. ಬೀದಿಯಲ್ಲಿ ಫೋನಿನೊಳಗೆ ಮುಳುಗಿದವಳಿಗೆ ಸುತ್ತಲಿನದು ಕಾಣುವುದಿಲ್ಲ.

ಸುದ್ದಿ ಬಾರದಿದ್ದರೆ? ಅದನ್ನೂ ಮೊದಲೇ ಬರೆದಿಡಿ. ಎರಡು ಗಂಟೆ ಕಾಯುವುದು, ಆಮೇಲೆ ರಿಯಾದಿಗೆ ಕರೆ, ಆಮೇಲೆ ಅವಳ ಸಹೋದ್ಯೋಗಿಗೆ, ಆಮೇಲೆ ರಾಜಧಾನಿ ರಬಾತ್‌ನಲ್ಲಿರುವ ನಮ್ಮ ಭಾರತದ ರಾಯಭಾರ ಕಚೇರಿಗೆ. ಪಟ್ಟಿ ಇದ್ದರೆ ಕೈ ನಡುಗುವುದಿಲ್ಲ. ನೇರವಾಗಿ ಹೇಳಲಾಗದ ಸಂದರ್ಭಕ್ಕೆ ಒಂದು ಗುಟ್ಟಿನ ಮಾತು ಇರಲಿ. "ಅಮ್ಮಾ, ನುಗ್ಗೇಕಾಯಿ ಹುಳಿ ಮಾಡಿದ್ಯಾ?" ಎಂದು ಕೇಳಿದರೆ "ನನಗೆ ಸಹಾಯ ಬೇಕು, ಮಾತು ಮುಂದುವರಿಸು" ಎಂದರ್ಥ.

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಹೊರಡುವ ಮುನ್ನ ಮಗಳಿಗೆ ಬಾಯಿಬಿಟ್ಟು ಹೇಳಿ: "ಏನೇ ಆದರೂ ಮೊದಲು ನನಗೆ ಹೇಳು. ನಾನು ಬೈಯೋಲ್ಲ. 'ನಾನು ಮೊದಲೇ ಹೇಳಿರಲಿಲ್ಲವೇ' ಅಂತಲೂ ಅನ್ನೋಲ್ಲ." ಹೇಳಿದ ಮೇಲೆ ನಡೆದುಕೊಳ್ಳಿ. ಪರ್ಸ್ ಕಳೆದರೂ, ಬಸ್ ತಪ್ಪಿದರೂ, ಯಾರೋ ಕೆಟ್ಟದಾಗಿ ನಡೆದುಕೊಂಡರೂ ಅವಳ ಧ್ವನಿ ಮೊದಲು ನಿಮ್ಮ ಕಿವಿಗೆ ಬೀಳಬೇಕು. ಆಗ ಯಾರಾದರೂ "ಜೊತೆಗೆ ಯಾರು?" ಎಂದು ಕೇಳಿದರೆ ನೀವು ತಡವರಿಸದೆ ಉತ್ತರ ಕೊಡಬಹುದು.

ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿಕೊಳ್ಳಿ

ಮೊರಾಕೊದಲ್ಲಿ ನಗರ ಪೊಲೀಸ್: 19. ಊರ ಹೊರಗೆ ಮತ್ತು ಹೆದ್ದಾರಿಯಲ್ಲಿ ಜಾಂಡಾರ್ಮರಿ ಎಂಬ ಪೊಲೀಸರು: 177. ಆಂಬುಲೆನ್ಸ್, ಅಗ್ನಿಶಾಮಕ: 15.

ಬರೆದುಕೊಳ್ಳಬೇಕಾದದ್ದು: ರಿಯಾದಿನ ಹೆಸರು, ಫೋನು, ಹತ್ತಿರದ ಬಾಗಿಲು, ಬಸ್ಸಿನ ಹೊತ್ತು, ಸಹೋದ್ಯೋಗಿಯ ಫೋನು, ರಬಾತ್‌ನ ಭಾರತೀಯ ರಾಯಭಾರ ಕಚೇರಿಯ ಫೋನು, ಪಾಸ್‌ಪೋರ್ಟ್ ಮತ್ತು ವಿಮೆಯ ಸಂಖ್ಯೆ.

ಬಾಯಿಪಾಠ ಮಾಡಬೇಕಾದದ್ದು: ಸಲಾಮ್ ಅಲೈಕುಮ್ – ನಮಸ್ಕಾರ. ಶುಕ್ರನ್ – ವಂದನೆ. ಲಾ – ಬೇಡ, ಇಲ್ಲ. ಬ್ಶ್‌ಹಾಲ್? – ಎಷ್ಟು? ಸಾಫಿ – ಸಾಕು, ಮುಗಿಯಿತು. ಹ್ಶೂಮಾ – ನಾಚಿಕೆಗೇಡು.